ಚುಕ್ಕಿಗೊಂದು ಗಂಡು

ಕಣ್ಣು ನೋಡಿ ಆಳು ಎಂಥವನು ಅಂತ ಹೇಳುವವನು ನಾನು! ಇಪ್ಪತ್ತಾರು ವರ್ಷದಿಂದ ಕನ್ನಡಕದ ಅಂಗಡಿ ನಡೆಸುತ್ತಿದ್ದೇನೆ. ಗಿರಾಕಿ ಮೆಟ್ಟಿಲು ಹತ್ತುವಾಗಲೇ ಅವನ ಪವರ್ ಎಷ್ಟು, ಹೆಂಡತಿ ಜೊತೆ ಜಗಳ ಆಡಿ ಬಂದಿದ್ದಾನೋ ಇಲ್ಲವೋ, ಎರಡನ್ನೂ ಹೇಳಬಲ್ಲೆ. ಅಂಥವನಿಗೆ ಬೆರಳುದ್ದದ ಒಂದು ಹಲ್ಲಿ ಯಾವ ಜಾತಿಯದು ಅಂತ ಪತ್ತೆಹಚ್ಚುವುದು ಯಾವ ಮಹಾ? "ಸಂಜೆಯೊಳಗೆ ಹೇಳ್ತೀನಿ!" ಅಂತ ಮನೆಯವರ ಮುಂದೆ ಎದೆ ತಟ್ಟಿಕೊಂಡೆ.

ಹಲ್ಲಿ ನನ್ನದಲ್ಲ, ಮಾವನದು. ಮಾವ ತೀರಿಕೊಂಡು ಎರಡು ತಿಂಗಳಾಗಿತ್ತು. ಅತ್ತೆ ನಮ್ಮ ಮನೆಗೆ ಬಂದಾಗ ಬಟ್ಟೆಯ ಸೂಟ್‌ಕೇಸು, ಮಾವನ ಕನ್ನಡಕ ಮತ್ತು ಒಂದು ಗಾಜಿನ ಪೆಟ್ಟಿಗೆ ತಂದಿದ್ದರು. ಸಾಕುಪ್ರಾಣಿಗಳ ಅಂಗಡಿಯೊಂದು ಕೊನೆಯ ಸಲ ಬಾಗಿಲು ಹಾಕಿದ ದಿನ ಮಾವ ಆ ಪೆಟ್ಟಿಗೆಯನ್ನು ಎರಡು ಪುಟಾಣಿ ಹಲ್ಲಿಗಳ ಸಮೇತ ಎತ್ತಿಕೊಂಡು ಬಂದಿದ್ದರಂತೆ. ದಪ್ಪಗಿದ್ದದ್ದು ಸಾಹೇಬ, ನೆತ್ತಿಯ ಮೇಲೆ ಚುಕ್ಕಿಯಿದ್ದದ್ದು ಚುಕ್ಕಿ. ಗಂಡ ಹೆಂಡತಿ ಅಂತ ಮಾವನೇ ತೀರ್ಮಾನಿಸಿದ್ದರು. ದಿನಾ ಬೆಳಿಗ್ಗೆ ಗಡ್ಡ ಹೆರೆಯುತ್ತಾ ಸಾಹೇಬನಿಗೆ, "ಈ ಮನೇಲಿ ಗಂಡಸರು ಅಂತ ಇರೋದು ನಾವಿಬ್ರೇ ಕಣಯ್ಯಾ, ಧೈರ್ಯವಾಗಿರು!" ಅನ್ನುತ್ತಿದ್ದರಂತೆ. ಮಾವ ಹೋದ ಎಂಟು ದಿನಕ್ಕೆ ಸಾಹೇಬನೂ ಹೋದ.

ಮಾವ ಹೋದಾಗ ಅತ್ತೆ ಅಳಲಿಲ್ಲ. ಬಂದವರಿಗೆ ಕುರ್ಚಿ ಹಾಕಿದರು, ನೀರು ಕೊಟ್ಟರು, ಅಷ್ಟೇ. ಈಗ ಗಾಜಿನ ಪೆಟ್ಟಿಗೆಯ ಮುಂದೆ ಕೂತರೆ ಏಳುತ್ತಿರಲಿಲ್ಲ. "ಚುಕ್ಕಿ ಒಂಟಿಯಾಗಿಬಿಟ್ಟಳು. ಅವಳು ತಿನ್ನದೆ ನನಗೆ ಹೇಗೆ ಸೇರತ್ತೆ?" ಅನ್ನುತ್ತಿದ್ದರು. ಅವರಿಗೆ ಬಡಿಸಿ ಮುಚ್ಚಿಟ್ಟ ತಟ್ಟೆ ಮುಚ್ಚಿದ ಹಾಗೇ ಇರುತ್ತಿತ್ತು. ಕೈಗಡಿಯಾರ ಮೊಣಕೈವರೆಗೆ ಜಾರುವಷ್ಟು ಇಳಿದುಹೋಗಿದ್ದರು.

"ಅಮ್ಮ ಹೀಗೇ ಇದ್ರೆ ನನಗೆ ಭಯ ಆಗತ್ತೆ ರೀ" ಅಂದಳು ಹೆಂಡತಿ.

"ಭಯ ಯಾಕೆ? ಚುಕ್ಕಿಗೊಂದು ಗಂಡು ತಂದರಾಯ್ತು! ಜಾತಿ ಯಾವುದು ಅಂತ ಗೊತ್ತಾದರೆ ಸಾಕು."

"ನಿಮಗೆ ಗೊತ್ತಾಗತ್ತಾ?"

"ಕಣ್ಣು ನೋಡಿದರೆ ಗೊತ್ತಾಗದ್ದು ಏನಿದೆ ಕಣೇ!"

ಅಂಗಡಿಯಿಂದ ಟಾರ್ಚು, ಭೂತಗನ್ನಡಿ, ಅಳತೆಪಟ್ಟಿ ಎಲ್ಲ ಬಂತು. ಚುಕ್ಕಿಯ ಮುಂದೆ ಮೊಣಕಾಲೂರಿ ಕೂತೆ. ಮೊದಲ ಪರೀಕ್ಷೆ ರೆಪ್ಪೆಯದು. ರೆಪ್ಪೆಯೇ ಇರಲಿಲ್ಲ! ಹತ್ತು ನಿಮಿಷ ನಾನು ಅದನ್ನು ನೋಡಿದೆ, ಅದು ನನ್ನನ್ನು ನೋಡಿತು. ನನ್ನ ಕಣ್ಣಲ್ಲಿ ನೀರು ಬಂತು. ಅದು ನಾಲಿಗೆ ಚಾಚಿ ತನ್ನ ಕಣ್ಣನ್ನು ತಾನೇ ಒರೆಸಿಕೊಂಡಿತು. ಇಂಥ ಗಿರಾಕಿಗಳೇ ಬರುವ ಹಾಗಿದ್ದರೆ ಅಂಗಡಿಯಲ್ಲಿ ಒರೆಸುವ ಬಟ್ಟೆಯೇ ಬೇಕಾಗುತ್ತಿರಲಿಲ್ಲ! ಪಾಪೆ ಬೆಕ್ಕಿನದರ ಹಾಗೆ ಸೀಳು. ನಮ್ಮ ಅಂಗಡಿಯ ಷೋಕೇಸಿನ ಹಿಂದೆ ಓಡಾಡುವ ಹಲ್ಲಿಯದೂ ಇದೇ ಕಣ್ಣು, ಇದೇ ಬಣ್ಣ. ಚುಕ್ಕಿಯ ಬೆನ್ನಿನ ಮೇಲಿದ್ದ ಅಂಕುಡೊಂಕು ಗೆರೆಗಳು ಅದಕ್ಕಿರಲಿಲ್ಲ. ಗಾತ್ರದಲ್ಲೂ ಅದು ಇವಳ ಎರಡರಷ್ಟಿತ್ತು. ಇರಲಿ, ಗಂಡಲ್ವಾ!

"ಗೋಡೆ ಹಲ್ಲಿ! ಅಪ್ಪಟ ಗೋಡೆ ಹಲ್ಲಿ!" ಅಂತ ಘೋಷಿಸಿದೆ.

"ಗೋಡೆ ಹಲ್ಲಿ ಬಾಳೆಹಣ್ಣು ನೆಕ್ಕತ್ತಾ?" ಅಂದರು ಅತ್ತೆ, ಅನುಮಾನದಿಂದ.

"ಮಾವ ಮುದ್ದು ಮಾಡಿ ಕೆಡಿಸಿದ್ದಾರೆ ಅತ್ತೆ!"

ಮಾರನೇ ದಿನ ಮಧ್ಯಾಹ್ನ ವರಮಹಾಶಯರು ಅಂಗಡಿಯ ಹಳೇ ಡಬ್ಬಿಯೊಂದರಲ್ಲಿ ದಯಮಾಡಿಸಿದರು. ಗಾಜಿನ ಪೆಟ್ಟಿಗೆಯ ಮುಚ್ಚಳ ಸರಿಸಿ ಒಳಗೆ ಬಿಟ್ಟೆ. ಎರಡು ತಿಂಗಳಲ್ಲಿ ಮೊದಲ ಸಲ ಅತ್ತೆ ಮುಗುಳ್ನಕ್ಕು, "ಹೆದರಬೇಡ ಚುಕ್ಕಿ" ಅಂದರು. ಅಷ್ಟರಲ್ಲಿ ವರ ನುಗ್ಗಿ ಚುಕ್ಕಿಯ ಬಾಲಕ್ಕೇ ಬಾಯಿ ಹಾಕಿದ!

"ತೆಗೀರಿ! ತೆಗೀರಿ ಅದನ್ನ!" ಅತ್ತೆ ಕಿರುಚಿದರು.

ಕೈ ಹಾಕಿದೆ. ವರ ನನ್ನ ತೋಳು ಹತ್ತಿ ಅಂಗಿಯೊಳಗೆ ಇಳಿದ! ಆಮೇಲೆ ನಾನು ಕುಣಿದ ಕುಣಿತ ನನ್ನ ಶತ್ರುವಿಗೂ ಬೇಡ. ಬಾಳೆಹಣ್ಣಿನ ಬಟ್ಟಲು ಹೆಂಡತಿಯ ತಲೆ ಮೇಲೆ, ಮುಚ್ಚಳ ನೆಲದ ಮೇಲೆ, ವರ ಕಿಟಕಿಯಾಚೆ. ಎಲ್ಲ ತಣ್ಣಗಾದಾಗ ಪೆಟ್ಟಿಗೆಯಲ್ಲಿ ಉಳಿದದ್ದು ಒದ್ದಾಡುತ್ತಿದ್ದ ತುಂಡು ಬಾಲ ಮಾತ್ರ. ಚುಕ್ಕಿ ಇಲ್ಲ!

ಮಂಚ ಎತ್ತಿದೆವು, ಬೀರು ಸರಿಸಿದೆವು, ಪರದೆ ಕೊಡವಿದೆವು. ಅತ್ತೆ ಕೂತಲ್ಲಿಂದ ಕದಲಲಿಲ್ಲ. "ಅವರು ಬಿಟ್ಟುಹೋದ ಒಂದು ಜೀವಾನೂ ನನ್ನ ಕೈಲಿ ಉಳಿಸ್ಕೊಳ್ಳೋಕೆ ಆಗಲಿಲ್ಲ" ಅಂದರು. ನನ್ನನ್ನು ಬೈದಿದ್ದರೆ ಎಷ್ಟೋ ವಾಸಿಯಿತ್ತು. ಕೊನೆಗೆ, ಕೂದಲಲ್ಲಿ ಇನ್ನೂ ಬಾಳೆಹಣ್ಣು ಮೆತ್ತಿಕೊಂಡಿದ್ದ ಹೆಂಡತಿ, ಅರ್ಧ ತೆರೆದಿದ್ದ ಮಾವನ ಕನ್ನಡಕದ ಡಬ್ಬಿಯೊಳಗೆ ಬಗ್ಗಿ ನೋಡಿ, "ಇಲ್ಲಿದ್ದಾಳೆ" ಅಂದಳು ಮೆಲ್ಲಗೆ. ಕನ್ನಡಕದ ಕೆಳಗೆ ಬಾಲವಿಲ್ಲದ ಚುಕ್ಕಿ ಮುದುಡಿಕೊಂಡಿದ್ದಳು.

ಡಬ್ಬಿ ಸಮೇತ ಪ್ರಾಣಿಗಳ ಡಾಕ್ಟರ ಹತ್ತಿರ ಓಡಿದೆ. ಆಯಮ್ಮ ನೋಡಿದವರೇ, "ಬಾಲ ಮತ್ತೆ ಬೆಳೆಯತ್ತೆ ಬಿಡಿ. ಇದನ್ನ ಗೋಡೆ ಹಲ್ಲಿ ಅಂದ ಮಹಾನುಭಾವರು ಯಾರು?" ಅಂದರು.

"ಯಾರೋ, ಪರಿಚಯ ಇಲ್ಲ" ಅಂದೆ.

ಬೆನ್ನಿನ ಗೆರೆ, ಚಿಕ್ಕ ಗಾತ್ರ, ಬಾಳೆಹಣ್ಣಿನ ಚಪಲ, ಹೀಗೆ ನಾನು 'ಇರಲಿ' ಅಂತ ಬಿಟ್ಟದ್ದನ್ನೆಲ್ಲ ಒಂದೊಂದಾಗಿ ಹಿಡಿದು ಅವರು ಜಾತಿ ಹೇಳಿದರು. ಅದರ ಗುಣವನ್ನೂ ಹೇಳಿದರು. ಕೇಳಿ ನಾನು ಹಿಗ್ಗಿಹೋದೆ. ಅತ್ತೆಯ ಸಂಕಟಕ್ಕೆ ಪರಿಹಾರ ಸಿಕ್ಕೇಬಿಟ್ಟಿತ್ತು! ಚಪ್ಪಲಿ ಬಿಡುವಷ್ಟೂ ಪುರುಸೊತ್ತಿಲ್ಲದೆ ಮನೆಯೊಳಗೆ ನುಗ್ಗಿದೆ.

"ಅತ್ತೆ, ಪತ್ತೆಯಾಯ್ತು! ಇದಕ್ಕೆ ಶೋಕದ ಹಲ್ಲಿ ಅಂತಾರಂತೆ. ಗಂಡಿಲ್ಲ ಅಂತ ಅಳ್ತಾ ಕೂಗತ್ತೆ ಅಂತ ಜನ ತಿಳ್ಕೊಂಡಿದ್ರಂತೆ. ಶುದ್ಧ ಸುಳ್ಳು! ಈ ಜಾತೀಲಿ ಹೆಚ್ಚೂಕಡಿಮೆ ಎಲ್ಲಾ ಹೆಣ್ಣೇ. ಸಾಹೇಬನೂ ಹೆಣ್ಣೇ! ಮೊಟ್ಟೆ ಇಡೋಕೂ ಗಂಡು ಬೇಡ, ಮರಿ ಆಗೋಕೂ ಗಂಡು ಬೇಡ. ಗಂಡ ಇಲ್ದೆ ಎಷ್ಟು ಆರಾಮಾಗಿ ಇರ್ತವೆ ಗೊತ್ತಾ? ಇದರಲ್ಲಿ ದುಃಖಪಡೋದು ಏನೂ ಇಲ್ವೇ ಇಲ್ಲ ಅತ್ತೆ!"

ಬಾಗಿಲಲ್ಲಿ ನಿಂತಿದ್ದ ಹೆಂಡತಿ ಕಣ್ಣು ಮುಚ್ಚಿಕೊಂಡಳು. ಆಗ ನನ್ನ ಮಾತು ನನಗೇ ಕೇಳಿಸಿತು. ಭೂಮಿ ಬಾಯಿ ಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು.

ಅತ್ತೆ ನನ್ನ ಕೈಲಿದ್ದ ಡಬ್ಬಿ ತೆಗೆದುಕೊಂಡು ಚುಕ್ಕಿಯನ್ನು ಪೆಟ್ಟಿಗೆಯೊಳಗೆ ಬಿಟ್ಟು, ಗಾಜನ್ನು ಅಂಗೈಯಿಂದ ಒರೆಸಿದರು. "ಹಾಗಾದ್ರೆ ಚುಕ್ಕಿಗೇನೂ ಕಷ್ಟ ಇಲ್ಲ ಬಿಡಿ" ಅಂದರು. "ಅವಳಿಗೆ ಗಂಡ ಅಂತ ಇರಲೇ ಇಲ್ಲ. ನನಗೆ ಇದ್ರಲ್ಲಪ್ಪಾ, ನಲವತ್ತೊಂದು ವರ್ಷ."

ಅಷ್ಟು ಹೇಳಿ ಬಿಕ್ಕಿದರು. ಎರಡು ತಿಂಗಳು ತಡೆದಿಟ್ಟದ್ದೆಲ್ಲ ಹೊರಗೆ ಬಂತು. ಹೆಂಡತಿ ಓಡಿ ಬಂದು ಅವರನ್ನು ತಬ್ಬಿಕೊಂಡಳು. ನಾನು ಚಪ್ಪಲಿ ಕಾಲಲ್ಲೇ ಗೋಡೆಗೆ ಒರಗಿ ನಿಂತೆ. ನನ್ನ ಕಣ್ಣೂ ಸೋರುತ್ತಿತ್ತು. ನನಗೂ ಮಾವ ಬೇಕಾಗಿದ್ದರು.

ಬಹಳ ಹೊತ್ತಾದ ಮೇಲೆ ಅತ್ತೆ ಮೂಗು ಒರೆಸಿಕೊಂಡು, "ಸಾಹೇಬ ಹೆಣ್ಣು ಅಂತ ಅವರಿಗೆ ಗೊತ್ತಾಗದೇ ಹೋದದ್ದೇ ಒಳ್ಳೇದಾಯ್ತು" ಅಂದರು. "ಪಾಪ, ಗಂಡಸರು ಇಬ್ಬರಿದ್ದೀವಿ ಅನ್ನೋ ಧೈರ್ಯದ ಮೇಲೇ ನನ್ನ ಹತ್ರ ಜಗಳಕ್ಕೆ ಬರ್ತಿದ್ರು." ನಕ್ಕರೋ ಅಳುತ್ತಲೇ ಇದ್ದರೋ ತಿಳಿಯಲಿಲ್ಲ. ಮಗಳ ಕಡೆ ತಿರುಗಿ, "ತಟ್ಟೆ ತಾರೇ" ಅಂದರು.

ಅವರು ಮೊದಲ ತುತ್ತು ಕಲಸುವುದನ್ನು ಕಂಡು ನನಗೆ ಹೋದ ಜೀವ ಬಂತು. ಜೀವದ ಹಿಂದೆಯೇ ಹಳೇ ಹುಮ್ಮಸ್ಸೂ ಬಂತು, ಏನು ಮಾಡಲಿ! "ಅತ್ತೆ, ಜೊತೆಗೆ ಇರಲಿ ಅಂತ ಇನ್ನೊಂದು ಹೆಣ್ಣಾದರೂ ಹುಡುಕಿ ತರಲಾ?" ಅಂದೆ.

ಅತ್ತೆ ತುತ್ತು ಕೈಯಲ್ಲೇ ಹಿಡಿದು ನನ್ನನ್ನು ಮೇಲಿಂದ ಕೆಳಗೆ, ಚಪ್ಪಲಿಯವರೆಗೂ ನೋಡಿದರು.

"ಬೇಡಪ್ಪಾ. ನಾವು ಮೂರು ಜನ ಹೆಂಗಸರು ಹೇಗೋ ಇರ್ತೀವಿ. ಈ ಮನೇಲಿ ಗಂಡಸು ಅಂತ ಇನ್ನು ಇರೋದು ನೀವೊಬ್ರೇ. ಧೈರ್ಯವಾಗಿರಿ!"