ಜಡ್ಡಾದ ಡಬ್ಬಿ ಹೊತ್ತ ನಮ್ಮ ಅತ್ತಿ

ನಮ್ಮ ಅತ್ತಿಯ ತಲೆ ಸರಿ ಇಲ್ಲ ಎಂದು ಎಕಂಬಾದಲ್ಲಿ ಎಲ್ಲರೂ ಹೇಳುತ್ತಾರೆ. ನಾನು ಬೀದರದ ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದವಳು, ರಜೆ ಸಿಕ್ಕರೆ ಅತ್ತಿಯ ಮನೆಯಲ್ಲೇ ಇರುವವಳು. ಸಾಕ್ಷಿ ಇಲ್ಲದ ಮಾತನ್ನು ದೇವರೇ ಬಂದು ಹೇಳಿದರೂ ಒಪ್ಪುವವಳಲ್ಲ. ಆದ್ದರಿಂದ ಪರ-ವಿರೋಧ ಎರಡೂ ಕಡೆಯ ಸಾಕ್ಷಿಗಳನ್ನು ತೂಗಿ ನೋಡಿದೆ. ಊರವರು ಹೇಳುವುದು ಪೂರಾ ಖರೆ! ಆದರೆ ತಲೆ ಸರಿ ಇದ್ದವರು ಆ ವರ್ಷಗಳಲ್ಲಿ ಏನು ಕಡಿದು ಕಟ್ಟೆ ಹಾಕಿದರು ಎಂಬ ನನ್ನ ಮರುಪ್ರಶ್ನೆಗೆ ಮಾತ್ರ ಇದುವರೆಗೆ ಒಬ್ಬರೂ ಉತ್ತರ ಕೊಟ್ಟಿಲ್ಲ.

ಆ ವರ್ಷಗಳೆಂದರೆ ಮಳೆ ಸಾಲಾಗಿ ಕೈಕೊಟ್ಟ ವರ್ಷಗಳು. ಮಳೆ ಹೋದರೆ ಹೊಲ ಮಾತ್ರ ಒಣಗುತ್ತದೆ ಅಂದುಕೊಂಡಿದ್ದೀರಾ? ಸಿಮೆಂಟ್ ಕಲಸಲಿಕ್ಕೂ ನೀರು ಬೇಕು! ನೀರಿಲ್ಲದ ಊರಲ್ಲಿ ಮೊಳಕಾಲೆತ್ತರದ ಗೋಡೆಯೂ ಏಳಲಿಲ್ಲ. ಅತ್ತಿಯ ಗಂಡ, ನಮ್ಮ ಮಾವ, ಗೋಡೆ ಕಟ್ಟುವ ಗೌಂಡಿ. ಗಾರೆ ಮೆತ್ತುವ ಕರಣೆ, ತೂಗುಗುಂಡು ಚೀಲಕ್ಕೆ ಹಾಕಿಕೊಂಡು ಊರವರ ಜೊತೆ ಪುಣೆಗೆ ಹೋದರು. ಹೋದವರೆಲ್ಲ ಮನೆಗೆ ಫೋನ್ ಮಾಡಿದರು, "ಊಟ ಆಯ್ತಾ" ಎಂದು ಕೇಳಿದರು. ಮಾವ ಏನು ಮಾಡಬೇಕು? ಅವರಿಗೆ ಹುಟ್ಟಿದಾಗಿನಿಂದ ಕಿವಿ ಕೇಳುವುದಿಲ್ಲ, ಮಾತು ಬರುವುದಿಲ್ಲ. ಅತ್ತಿ-ಮಾವನದು ಮೂವತ್ತು ವರ್ಷದ ಕೈಸನ್ನೆಯ ಸಂಸಾರ. ಇಬ್ಬರಿಗೂ ಜಗಳ ಹತ್ತಿದರೆ ಅತ್ತಿಯ ಬಳೆಗಳ ಗಲಾಟೆ ಪಕ್ಕದ ಓಣಿಗೆ ಕೇಳುತ್ತಿತ್ತು! ಇಂಥವರಿಗೆ ಫೋನಿನಲ್ಲಿ ಮುಖ, ಕೈ ಕಂಡರೆ ಮಾತು, ಕಾಣದಿದ್ದರೆ ಮಾತಿಲ್ಲ. ಮುಂದಿನ ರಾದ್ಧಾಂತವೆಲ್ಲ ಇಷ್ಟಕ್ಕಾಗಿಯೇ.

ಅದೇ ಹೊತ್ತಿಗೆ ಸರ್ಕಾರ ದೇಶದ ಊರೂರಿಗೂ ಇಂಟರ್‌ನೆಟ್ ಹಂಚಲು ಹೊರಟಿತು. ಕಮಲನಗರದ ಕಡೆಯಿಂದ ಲಾರಿಯೊಂದು ಬಂದು ಕಿತ್ತಳೆ ಬಣ್ಣದ ಪೈಪಿನ ಸುರುಳಿಗಳನ್ನು ಇಳಿಸಿತು. ರಸ್ತೆ ಬದಿ ಅಗೆಯತೊಡಗಿದರು. ಬತ್ತಿದ ಊರಿಗೆ ಪೈಪ್ ಬಂದರೆ ಜನ ಏನೆಂದು ತಿಳಿಯಬೇಕು? ಅತ್ತಿ ಹತ್ತು ಹೆಂಗಸರನ್ನು ಕಟ್ಟಿಕೊಂಡು ಹೋಗಿ, ಪೈಪಿಗೆ ಅರಿಶಿನ-ಕುಂಕುಮ ಹಚ್ಚಿ, ಕುಬಸದ ಕಣ, ಜೋಳ, ಎಲೆ-ಅಡಿಕೆ, ಕೊಬ್ಬರಿ ಇಟ್ಟು, ತವರಿಗೆ ಬಂದ ಮಗಳಿಗೆ ತುಂಬುವ ಹಾಗೆ ಉಡಿ ತುಂಬಿಬಿಟ್ಟಳು! ಕೆಲಸದ ಮೇಸ್ತ್ರಿ ತಲೆ ಕೆರೆದುಕೊಂಡ.

"ಬಾಯಿ, ಇದರಾಗ ನೀರ್ ಬರಲ್ರಿ. ಬೆಳಕು ಬರ್ತದ."

"ಬೆಳಕಾ? ನಮ್ಮೂರಾಗ ಬಿಸಿಲು ಕಮ್ಮಿ ಬಿದ್ದದಂತ ಯಾರರೆ ಅರ್ಜಿ ಕೊಟ್ಟಿದ್ರೇನು?"

ಇಂಟರ್‌ನೆಟ್ ಹೊತ್ತು ತರುವ ಆ ಬೆಳಕಿನಲ್ಲಿ ಪುಣೆಯ ಮಾವನ ಮುಖ ಕಾಣುತ್ತದೆ ಎಂದು ನಾನು ನಡುವೆ ಬಾಯಿ ಹಾಕಿದೆ. ತಕ್ಷಣ ಪಕ್ಷಾಂತರ! ಪಂಚಾಯಿತಿ ಕಟ್ಟಡದಿಂದ ಮನೆಗೆ ಲೈನ್ ಎಳೆಸಿಕೊಂಡ ಊರಿನ ಮೊದಲ ಗಿರಾಕಿ ನಮ್ಮ ಅತ್ತಿ. ನೆಟ್ ಹಿಡಿಯುವ ಮೂರು ದೀಪದ ಬಿಳಿ ಡಬ್ಬಿ ಜಗಲಿಯ ಗೂಡಿನಲ್ಲಿ ಕೂತಿತು.

ಕೂತಿತು, ಅಷ್ಟೇ. ಹತ್ತು ಎಂಬಿ ವೇಗ ಎಂದು ಬರೆದುಕೊಟ್ಟಿದ್ದರು. ಬಂದದ್ದು? ಮಾವನ ಮುಖ ಚೌಕ ಚೌಕವಾಗಿ, ಹಳೆ ಸೀರೆಯ ತುಂಡುಗಳಿಂದ ಹೊಲಿದ ಕೌದಿಯ ಹಾಗೆ ಬರುತ್ತಿತ್ತು. ಮೂಗು ಬಂದಾಗ ಕಿವಿ ಇಲ್ಲ. ಕಿವಿ ಬರುವಷ್ಟರಲ್ಲಿ ಮೂಗು ಊರು ಬಿಟ್ಟಿತ್ತು. ಮಾತಾಡುವವರ ಚಿತ್ರ ನಿಂತರೂ ದನಿಯಾದರೂ ಬಂದೀತು. ಕೈಯಲ್ಲಿ ಮಾತಾಡುವವರ ಚಿತ್ರ ನಿಂತರೆ?

ಒಂದು ಭಾನುವಾರ ಮಾವನ ಕೈ ತಲೆಯ ಮೇಲಕ್ಕೆ ಎದ್ದು ಅಲ್ಲೇ ನಿಂತುಬಿಟ್ಟಿತು. ಹೊಡೆಯಲು ಎತ್ತಿದ ಕೈ! ಹಿಂದೆಯೇ ಲೈನ್ ಕಟ್. ಅತ್ತಿ ನಾಲ್ಕು ದಿನ ಅನ್ನ ಮುಟ್ಟಲಿಲ್ಲ. ಕೊನೆಗೆ ಮಾವನ ಜೊತೆಗಾರನಿಗೆ ಫೋನ್ ಮಾಡಿ ಕೇಳಿದರೆ ಆತ ನಕ್ಕ: "ಏ, ಗ್ವಾಡಿ ಇಷ್ಟೆತ್ತರ ಏರಿಸೀನಿ ಅಂತ ಹೇಳ್ಲಾಕತ್ತಿದ್ದ ಅವ!"

ಅವತ್ತು ಅತ್ತಿ ನೆಟ್ ಕೊಡುವ ಸರ್ಕಾರಿ ಕಂಪನಿಯ ದೂರಿನ ನಂಬರಿಗೆ ಫೋನ್ ಹಚ್ಚಿದಳು. "ಮೂವತ್ತು ವರ್ಷದಾಗ ನನ್ನ ಮ್ಯಾಲ ಒಂದಿನ ಕೈ ಎತ್ತದ ಮನಷ್ಯಾನ ಕೈ ಎತ್ತಿಸೀರಿ ನೀವು! ಯಾರ ಹೊಣಿ ಇದಕ್ಕ?" ಆ ಕಡೆಯ ಹುಡುಗಿ ಬೆಂಗಳೂರಿನ ಕನ್ನಡದಲ್ಲಿ, "ಮೇಡಂ, ಡಬ್ಬಿಯನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿ" ಅಂದಳು. ಇದು ವಾದವೇ? ನಮ್ಮ ಸ್ಪರ್ಧೆಯಲ್ಲಾಗಿದ್ದರೆ ಮೊದಲ ಸುತ್ತಿನಲ್ಲೇ ಮನೆಗೆ ಕಳಿಸುತ್ತಿದ್ದರು!

ಮರುದಿನ ಅತ್ತಿ ಡಬ್ಬಿಯನ್ನು ಕಿತ್ತು, ಶಾಲಿನಲ್ಲಿ ಸುತ್ತಿ, ಕಂಕುಳಲ್ಲಿ ಇಟ್ಟುಕೊಂಡು ಹೊರಟಳು. ನನಗೂ ಬುಲಾವು ಬಂತು. "ಮಾತಾಡಿ ಮಾತಾಡಿ ಕಪ್ ಗೆದ್ದೀ ಅಲ್ಲ? ಬಾ, ಇಲ್ಲಿ ಗೆಲ್ಲು."

"ಅತ್ತಿ, ದೋಷ ಲೈನಿನಾಗ ಅದ. ಡಬ್ಬಿ ಯಾಕ ಒಯ್ತೀ?"

"ಎಮ್ಮಿಗಿ ಜಡ್ಡಾದ್ರ ದವಾಖಾನಿಗಿ ಎಮ್ಮಿ ಹೊಡ್ಕೊಂಡು ಹೋಗ್ತೀವೋ, ಹಗ್ಗ ಒಯ್ತೀವೋ?"

ಚಪ್ಪಲಿ ಮೆಟ್ಟಿಕೊಂಡು ಅವಳ ಹಿಂದೆ ಹೊರಟೆ. ಬಸ್ಸಿನಲ್ಲಿ ಕಂಡಕ್ಟರ್ ಶಾಲಿನ ಗಂಟು ನೋಡಿ, "ಏನ್ರವ್ವಾ ಅದು?" ಅಂದ. "ಜಡ್ಡಾಗ್ಯಾದಪ್ಪ, ದವಾಖಾನಿಗಿ ಒಯ್ಲಾಕತ್ತೀನಿ" ಎಂದಳು ಅತ್ತಿ. ಪಾಪ, ಯಾರೋ ತಾಯಿ ಎದ್ದು ಜಾಗ ಬಿಟ್ಟುಕೊಟ್ಟಳು. ಅತ್ತಿ ಆರಾಮಾಗಿ ಕೂತಳು. ನಾನು ನಾಚಿಕೆಯಿಂದ ಔರಾದ್ ತನಕ ನಿಂತೇ ಹೋದೆ.

ಔರಾದಿನ ಕಂಪನಿ ಕಚೇರಿಯವರು ಡಬ್ಬಿಯನ್ನು ಮುಟ್ಟಲೂ ಇಲ್ಲ. ಕಂಪ್ಯೂಟರನ್ನು ನಮ್ಮ ಕಡೆ ತಿರುಗಿಸಿದರು. "ನಿಮ್ಮ ಲೈನ್ ಬರೋಬ್ಬರಿ ಅದ ನೋಡ್ರಿ ಬಾಯಿ. ಎಲ್ಲಾ ಹಸರು ತೋರಸ್ಲಾಕತ್ತದ."

"ನಿಮ್ಮ ಕಂಪ್ಯೂಟರಿನಾಗರೆ ಹಸರು ಅದಲ್ಲ, ಪುಣ್ಯಾ ಮಾಡೀರಿ!" ಅಂದಳು ಅತ್ತಿ.

ಅವರು ಮುಖ ಗಂಟು ಹಾಕಿಕೊಂಡು, ನಮ್ಮ ಲೈನ್ ಭಾಲ್ಕಿಯಿಂದ ಬರುತ್ತದೆ, ಅಲ್ಲೇ ಕೇಳಿರಿ ಅಂದರು. ಭಾಲ್ಕಿಗೆ ಹೋದೆವು. ಅಲ್ಲಿನ ಇಂಜಿನಿಯರು ಹೇಳಿದ್ದನ್ನು ಕೇಳಿ ನನ್ನ ರಕ್ತ ಕುದಿಯಿತು. ಕುಡಿಯುವ ನೀರಿನ ಪೈಪ್ ಹಾಕುವವರು ಅಗೆದು ನೆಟ್ಟಿನ ಕೇಬಲ್ ಕಡಿದಿದ್ದಾರೆ. ಅದನ್ನು ಜೋಡಿಸಲು ಹೋದವರು ಅಗೆದು ನೀರಿನ ಪೈಪ್ ಒಡೆದಿದ್ದಾರೆ! ಎರಡೂ ಸರ್ಕಾರದ್ದೇ ಕೆಲಸ. ಗುದ್ದಲಿ ಹಿಡಿಯುವ ಮೊದಲು ಒಬ್ಬರನ್ನೊಬ್ಬರು ಒಂದು ಮಾತು ಕೇಳಲು ಯಾವ ಕಾನೂನು ಅಡ್ಡ ಬಂದಿತ್ತು? ಕೊನೆಗೂ ಜನರಿಗೆ ನೀರೂ ಇಲ್ಲ, ನೆಟ್ಟೂ ಇಲ್ಲ, ಗುಂಡಿಗಳು ಮಾತ್ರ ಸಮೃದ್ಧ!

"ಹತ್ತು ಎಂಬಿ ಕೊಡ್ತೀವಂತ ಬರದೀರಿ" ಎಂದು ನಾನು ಕಾಗದ ಚಾಚಿದೆ.

"ಸರಿಯಾಗಿ ಓದ್ರಿ. ಹತ್ತರ ತನಕ ಅಂತ ಅದ. ಒಂದು ಬಂದ್ರೂ ಹತ್ತರ ಒಳಗೇ ಅಲ್ರೀ?"

ಅತ್ತಿ ನನ್ನನ್ನು ಪಕ್ಕಕ್ಕೆ ಸರಿಸಿದಳು. "ಸಾಹೇಬ್ರ, ನಮ್ಮ ಎಮ್ಮಿನೂ ಹತ್ತು ಲೀಟರ್ ತನಕ ಹಾಲು ಕೊಡ್ತದ. ಇವತ್ತು ಅರ್ಧಾ ಲೀಟರ್ ಕೊಟ್ಟಾದ. ಡೇರಿಯವ್ರು ಹತ್ತು ಲೀಟರಿನ ರೊಕ್ಕ ಕೊಡ್ತಾರೇನು? ನೀರು ಹಾಕಿದ್ರ ಡಬ್ಬಿ ಸಮೇತ ವಾಪಸ್ ಕಳಸ್ತಾರ. ಖರೆ ಇದ್ದದ್ದು ಹೇಳ್ರಿ, ಇಲ್ಲಾಂದ್ರ ಬರೀಬ್ಯಾಡ್ರಿ!"

ಇಂಜಿನಿಯರು ಖರೆ ಇದ್ದದ್ದನ್ನೇ ಹೇಳಿದರು: "ನಮ್ಮ ಕೈಯಾಗ ಏನಿಲ್ಲವ್ವಾ. ಬೀದರಕ್ಕ ಹೋಗ್ರಿ."

ರಾತ್ರಿ ಬೀದರದ ಮೈಲೂರಿನಲ್ಲಿರುವ ನಮ್ಮ ಮನೆಯಲ್ಲಿ ಉಳಿದು, ಬೆಳಿಗ್ಗೆ ದೊಡ್ಡ ಕಚೇರಿಗೆ ಹೋದೆವು. ದೂರನ್ನು ವೆಬ್‌ಸೈಟಿನಲ್ಲೇ ಹಾಕಬೇಕು ಎಂದರು ಅಲ್ಲಿನ ಅಧಿಕಾರಿ. "ಬಾವಿ ಬತ್ಯಾದಂತ ಹೇಳ್ಲಾಕ ಬಾವ್ಯಾಗೇ ಇಳೀಬೇಕೇನ್ರಿ?" ಎಂದಳು ಅತ್ತಿ. ಅಧಿಕಾರಿ ನಕ್ಕು, ಹಳ್ಳಿಯಲ್ಲಿ ಅಷ್ಟು ಸ್ಪೀಡ್ ಯಾಕೆ, ಧಾರಾವಾಹಿ ನೋಡಲಿಕ್ಕಾ ಎಂದು ಕೇಳಿದರು. ನನಗೆ ಮೈಯೆಲ್ಲ ಉರಿಯಿತು. ಹಕ್ಕು, ಸಮಾನತೆ, ತೆರಿಗೆ ಎಂದು ಮೂರು ಅಂಶಗಳ ಭಾಷಣ ಶುರುಮಾಡಿದೆ. ಆತ ಗಡಿಯಾರ ನೋಡಿದರು.

ಅತ್ತಿ ನನ್ನ ಬಾಯಿಯ ಮೇಲೆ ಕೈ ಇಟ್ಟಳು. ಡಬ್ಬಿಯನ್ನು ಮೇಜಿನ ಮೇಲಿಟ್ಟು, ಆತನ ಎದುರು ನಿಂತು, ಎರಡೂ ಕೈಗಳಿಂದ ಏನೋ ಹೇಳತೊಡಗಿದಳು. ಬೆರಳು ಎದೆಗೆ ಹೋಯಿತು, ಹಣೆಗೆ ಹೋಯಿತು, ಗಾಳಿಯಲ್ಲಿ ಒಂದು ಸುತ್ತು ತಿರುಗಿತು. ತಟ್ಟನೆ ನಿಂತಳು. ಕೈ ಅರ್ಧಕ್ಕೆ, ಕಣ್ಣು ಅರ್ಧಕ್ಕೆ, ಕಲ್ಲಿನ ಗೊಂಬೆ! ಅಧಿಕಾರಿ ಗಾಬರಿಯಾದರು. ಕಚೇರಿಯಲ್ಲಿ ಎಲ್ಲರೂ ಎದ್ದು ನಿಂತರು. ತುಸು ಹೊತ್ತಿನ ನಂತರ ಅತ್ತಿ ಕೈ ಇಳಿಸಿದಳು.

"ನಾ ಈಗ ಏನಂದೆ, ಹೇಳ್ರಿ."

"ಗೊತ್ತಾಗಲಿಲ್ಲವ್ವಾ..."

"ನನಗೂ ಗೊತ್ತಾಗ್ತಿಲ್ರಿ. ಎಂಟು ತಿಂಗಳಿಂದ ನನ್ನ ಗಂಡ ಏನು ಹೇಳ್ಲಾಕತ್ಯಾನ ಅಂತ."

ಮೂರನೇ ದಿನ ಅದೇ ಅಧಿಕಾರಿ ಕಳಿಸಿದ ಲೈನ್‌ಮನ್ ಎಕಂಬಾಕ್ಕೆ ಬಂದು ಯಾವುದೋ ಜೋಡಣೆ ಬದಲಿಸಿ ಹೋದ. ಇಷ್ಟೇ ಕೆಲಸ! ಇಷ್ಟಕ್ಕೆ ಮೂರು ಊರು ಅಲೆಸಬೇಕಿತ್ತೇ? ನನ್ನ ಸಿಟ್ಟು ಇನ್ನೂ ಆರಿಲ್ಲ.

ಆ ಭಾನುವಾರ ನಾನು ಫೋನ್ ಹಿಡಿದು ನಿಂತೆ. ಅತ್ತಿ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತಳು. ಮಾವ ಬಂದರು. ಪೂರಾ ಬಂದರು! ಗಡ್ಡದ ಬಿಳಿ ಕೂದಲು, ಉಗುರಿನ ಸಿಮೆಂಟು ಕೂಡ ಕಾಣುತ್ತಿತ್ತು. ಅತ್ತಿ ಸೆರಗು ಸರಿಮಾಡಿಕೊಂಡಳು. ಆಮೇಲೆ ಮಾವ ಹತ್ತೂ ಬೆರಳುಗಳನ್ನು ಮೇಲಿನಿಂದ ಕೆಳಗೆ ಇಳಿಬಿಟ್ಟು ಹುಬ್ಬು ಹಾರಿಸಿದರು. ಅಷ್ಟು ಸನ್ನೆ ನನಗೂ ಗೊತ್ತು: ಅಲ್ಲಿ ಮಳಿ ಬಂತಾ?

ಅತ್ತಿ ನನ್ನ ಕಡೆ ನೋಡಲಿಲ್ಲ. ತನ್ನ ಹತ್ತೂ ಬೆರಳುಗಳನ್ನು ಜೋರಾಗಿ ಇಳಿಬಿಟ್ಟಳು. ಬಂತು. ಭಾರೀ ಬಂತು. ಎರಡೂ ಕೈ ಅಗಲಿಸಿ ಕೆರೆ ತುಂಬಿಸಿದಳು, ಊರ ತುಂಬ ಗೋಡೆ ಎಬ್ಬಿಸಿದಳು. ಕೆಲಸ ಶುರುವಾಗಿದೆ, ಬಾ.

ಅವಳ ಬೆನ್ನ ಹಿಂದೆ ಸುಡುವ ಬಿಸಿಲು, ಬಿರುಕು ಬಿಟ್ಟ ಅಂಗಳ, ಟ್ಯಾಂಕರಿಗೆ ಕಾಯುತ್ತ ಸಾಲಾಗಿ ಬಿದ್ದ ಖಾಲಿ ಕೊಡಗಳು. ಬಡಿದಾಡಿ ತಂದ ಸ್ಪೀಡಿನಲ್ಲಿ ಒಂದೊಂದು ಕೊಡದ ತಗ್ಗೂ ಪುಣೆಗೆ ಸ್ಪಷ್ಟವಾಗಿ ಹೋಗುತ್ತಿತ್ತು! ಫೋನನ್ನು ಪಕ್ಕಕ್ಕೆ ತಿರುಗಿಸಲೇ ಎಂದುಕೊಂಡೆ, ತಡವಾಗಿತ್ತು. ಮಾವನ ಕಣ್ಣು ಅತ್ತಿಯ ಹೆಗಲು ದಾಟಿ ಕೊಡದಿಂದ ಕೊಡಕ್ಕೆ ನಿಧಾನವಾಗಿ ಹೋಗುತ್ತಿತ್ತು. ಕೊನೆಯ ಕೊಡದವರೆಗೂ ಹೋಗಿ, ತಿರುಗಿ ಅತ್ತಿಯ ಮುಖಕ್ಕೆ ಬಂತು. ಅವಳ ಬೆರಳುಗಳು ಇನ್ನೂ ಮಳೆ ಸುರಿಸುತ್ತಲೇ ಇದ್ದವು.

ಮಾವ ಹೆಗಲ ಮೇಲಿನ ಟವೆಲ್ ತೆಗೆದು, ಅವಳ ಮಳೆಯಲ್ಲಿ ತೊಯ್ದವರ ಹಾಗೆ ಒಣಗಿದ ತಲೆಯನ್ನು ಗಸಗಸ ಒರೆಸಿಕೊಂಡರು. ಹಿಂದಿನ ಮೂಲೆಯಲ್ಲಿದ್ದ, ಊರಿನಿಂದ ಒಯ್ದಿದ್ದ ಚೀಲವನ್ನು ಎಳೆದುಕೊಂಡು, ಕರಣೆಯನ್ನು ಅದರೊಳಗೆ ಇಟ್ಟರು.