ರೇಣುಕಪ್ರಸಾದರ ಹಗುರ ವ್ಯಾಯಾಮ

ನೂರ ಹತ್ತು ಕಿಲೋ ಎತ್ತಿದ ಮನುಷ್ಯನಿಗೆ ಒಂದು ದಿನ ಬೆಳಗ್ಗೆ ಎದ್ದಾಗ ಹತ್ತು ಕಿಲೋ ಎತ್ತುವುದಕ್ಕೂ ಮನಸ್ಸು ಬಾರದಿದ್ದರೆ ಅದು ಸೋಲಲ್ಲ, ಜ್ಞಾನೋದಯ ಎಂದು ರೇಣುಕಪ್ರಸಾದರು ತೀರ್ಮಾನಿಸಿದರು. ತೀರ್ಮಾನವನ್ನು ಮಾತ್ರ ಯಾರಿಗೂ ಹೇಳಲಿಲ್ಲ. (ಜ್ಞಾನೋದಯವಾದವರು ಮೊದಲು ಹೆಂಡತಿಗೆ ತಿಳಿಸಿದ ಉದಾಹರಣೆ ಪುರಾಣಗಳಲ್ಲೂ ಇಲ್ಲ.)

ಹೇಳದೇ ಇರುವುದಕ್ಕೆ ಬಲವಾದ ಕಾರಣವಿತ್ತು. ಎರಡು ವರ್ಷದ ಹಿಂದೆ ನೆಂಟರ ಮದುವೆಯೊಂದರಲ್ಲಿ, ಊಟದ ಪಂಕ್ತಿಯಲ್ಲಿ ಕೂತು, ಬಣಕಲ್ಲಿನ ಅರ್ಧ ಊರಿನ ಎದುರು ಅವರು ಶಪಥ ಮಾಡಿದ್ದರು. ನಲವತ್ತು ದಾಟಿದವರಿಗೆ ಚಿಕ್ಕಮಗಳೂರಿನಲ್ಲಿ ನಡೆಯುವ ಭಾರ ಎತ್ತುವ ಸ್ಪರ್ಧೆಯಲ್ಲಿ ನೂರೈವತ್ತು ಕಿಲೋ ಎತ್ತಿ ತೋರಿಸುತ್ತೇನೆ, ಇಲ್ಲದಿದ್ದರೆ ನನ್ನ ಹೆಸರು ರೇಣುಕಪ್ರಸಾದನೇ ಅಲ್ಲ. ಅದಾದ ಹದಿನೈದು ದಿನಕ್ಕೆ ಮಂಗಳೂರಿನಿಂದ ಲಾರಿಯಲ್ಲಿ ಕಬ್ಬಿಣದ ಬಾರು, ಪ್ಲೇಟುಗಳು ಬಂದು ಕಾಫಿ ಗೋಡೌನಿನ ಮೂಲೆಯಲ್ಲಿ ಪ್ರತಿಷ್ಠಾಪನೆಗೊಂಡವು. ಹಿಂದೆಯೇ ಪ್ರೋಟೀನ್ ಪುಡಿಯ ಡಬ್ಬವೂ ಬಂತು. ಮನೆಯಲ್ಲಿ ಮೊಟ್ಟೆ ನಿಷಿದ್ಧವಾದ್ದರಿಂದ ಶಕ್ತಿಯೆಲ್ಲ ಆ ಪುಡಿಯಿಂದಲೇ ಬರಬೇಕಿತ್ತು. ಅವರ ತಾಯಿ ನಂಜಮ್ಮನವರು ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ನೋಡಿ, "ಇದ್ರ ಬದ್ಲು ಹಿಂಡಿ ತಂದಿದ್ರೆ ಹಸುವಾದ್ರೂ ಹಾಲು ಕೊಡ್ತಿತ್ತಲ್ಲ ಪ್ರಸಾದ," ಎಂದಿದ್ದರು.

ಸುಳ್ಳು ಹೇಳಬಾರದು, ಒಂದೂವರೆ ವರ್ಷ ಅವರು ನಿಜವಾಗಿಯೂ ಬೆವರು ಸುರಿಸಿದರು. ನಲವತ್ತರಿಂದ ಹೊರಟು ನೂರ ಹತ್ತಕ್ಕೆ ಮುಟ್ಟಿದರು. ಅಲ್ಲಿಗೆ ಗಾಡಿ ನಿಂತಿತು. ಆರು ತಿಂಗಳು ಗುದ್ದಾಡಿದರೂ ನೂರ ಹನ್ನೊಂದು ಆಗಲಿಲ್ಲ. ಬೆನ್ನು ಉಳುಕಲಿಲ್ಲ, ಮೊಣಕಾಲು ಹಿಡಿಯಲಿಲ್ಲ, ನೆಪ ಹೇಳುವುದಕ್ಕೆ ಒಂದು ಸಣ್ಣ ನೆಗಡಿ ಕೂಡ ಬರಲಿಲ್ಲ. ಆಸೆ ಮಾತ್ರ ಹೋಯಿತು. ಒಂದು ಬೆಳಗ್ಗೆ ಕಬ್ಬಿಣದ ಬಾರಿನ ಮುಂದೆ ನಿಂತಾಗ ಅವರಿಗೆ ಅನ್ನಿಸಿದ್ದು ಇಷ್ಟೇ: ಇದನ್ನು ಎತ್ತಿ, ಮತ್ತೆ ಅಲ್ಲೇ ಇಡಬೇಕಲ್ಲ. ಅಷ್ಟು ಅನ್ನಿಸಿದ ಕೂಡಲೇ ಎದೆ ಹಗುರವಾಯಿತು. ಮರುಕ್ಷಣ ಪಂಕ್ತಿಯಲ್ಲಿ ಕೂತಿದ್ದವರ ಮುಖಗಳೆಲ್ಲ ಒಂದೊಂದಾಗಿ ನೆನಪಾದವು.

ಮುಂದಿನ ಎರಡು ತಿಂಗಳು ಅವರು ದಿನವೂ ಗೋಡೌನಿಗೆ ಹೋಗಿ, ಒಂದು ಪ್ಲೇಟನ್ನು ಒಂಬತ್ತು ಸಲ ನೆಲಕ್ಕೆ ಧಡ್ ಧಡ್ ಎಂದು ಬೀಳಿಸಿ, ಗೋಣಿಚೀಲದ ರಾಶಿಯ ಮೇಲೆ ಕೂತು ನಿನ್ನೆಯ ಪೇಪರ್ ಓದಿ ಬರುತ್ತಿದ್ದರು. ಮಾನವೇನೋ ಉಳಿಯಿತು. ಹೊಟ್ಟೆ ಮಾತ್ರ ಮುಂದೆ ಬರತೊಡಗಿತು. ಆಗ ಹೊಳೆದದ್ದು ಹಗುರ ವ್ಯಾಯಾಮ. ದಿನಕ್ಕೆ ಹತ್ತು ಸಾವಿರ ಹೆಜ್ಜೆ ನಡೆದರೆ ಸಾಕಂತೆ. ಹೆಜ್ಜೆ ಎಣಿಸುವುದಕ್ಕೆ ಕೈಗಡಿಯಾರವಿದೆ, ನಡೆಯುವುದಕ್ಕೆ ಸ್ವಂತ ತೋಟವಿದೆ. ಭಾರ ಎತ್ತುವುದು ಕೂಲಿಯವರ ಕೆಲಸ, ನಡಿಗೆ ಋಷಿಗಳದ್ದು ಎಂದು ಮನಸ್ಸಿನಲ್ಲೇ ಭಾಷಣ ಮಾಡಿಕೊಂಡು, ಸದ್ದಾಗದ ಮೆತ್ತನೆಯ ಬೂಟು ಕೊಂಡು, ಜನವರಿಯ ಒಂದು ಸೋಮವಾರ ಒಂಬತ್ತು ಗಂಟೆಗೆ ಅಕ್ಕಿರೊಟ್ಟಿ ತಿಂದು ಹೊರಟರು.

ಇಲ್ಲಿ ಒಂದು ವಿಷಯ ಹೇಳಬೇಕು. ಆ ತೋಟದಲ್ಲಿ ಯಾರೂ ಬರೆದಿಡದ ಒಂದು ಪದ್ಧತಿಯಿತ್ತು. ಸಾಹುಕಾರರು ಜೀಪಿನಲ್ಲೇ ಬರಬೇಕು, ಮೇಲಿನ ತಿರುವಿನಲ್ಲಿ ಎರಡು ಸಲ ಹಾರ್ನ್ ಹೊಡೆಯಬೇಕು. ಹಾರ್ನ್ ಕೇಳಿದ ಕೂಡಲೇ ಕೂತವರು ಏಳುತ್ತಾರೆ, ಎಲೆಅಡಿಕೆ ಹಾಕುತ್ತಿದ್ದ ಮೇಸ್ತ್ರಿ ಕೆಂಚಯ್ಯ ಬಾಯಿ ಒರೆಸಿಕೊಂಡು ದನಿ ಎತ್ತರಿಸುತ್ತಾನೆ. ಸಾಹುಕಾರರು ಬಂದು ನೋಡುವಷ್ಟರಲ್ಲಿ ಕಾಫಿ ಕುಯ್ಲು ಭರದಿಂದ ಸಾಗಿರುತ್ತದೆ. ಇವರಿಗೂ ಗೊತ್ತು, ಅವರಿಗೂ ಗೊತ್ತು. ಎರಡೂ ಕಡೆಯ ಮರ್ಯಾದೆ ಇಪ್ಪತ್ತೆರಡು ವರ್ಷದಿಂದ ಆ ಹಾರ್ನಿನ ಮೇಲೆ ನಿಂತಿತ್ತು.

ಮೆತ್ತನೆಯ ಬೂಟಿಗೆ ಹಾರ್ನ್ ಇರಲಿಲ್ಲ.

ಮೊದಲ ದಿನ ಸಿಲ್ವರ್ ಮರದ ಬುಡದಲ್ಲಿ ಕಾಲು ಚಾಚಿ ಕೂತಿದ್ದ ಏಳು ಹೆಂಗಸರ ಮುಂದೆ ಅವರು ಪ್ರತ್ಯಕ್ಷರಾದರು. ನಗುತ್ತಾ ಕೈಗಡಿಯಾರ ನೋಡಿಕೊಂಡು (ಮೂರು ಸಾವಿರದ ಇನ್ನೂರು ಹೆಜ್ಜೆ) ಮುಂದೆ ಹೋದರು. ಎರಡನೆಯ ದಿನ ಏರು ಹತ್ತಿ ಉಸಿರು ಸಿಕ್ಕಿಕೊಂಡಾಗ, ಆಗಷ್ಟೇ ಕುಯ್ದು ಮುಗಿಸಿದ್ದ ಗಿಡದ ಪಕ್ಕ ಮೊಣಕಾಲಿಗೆ ಕೈ ಕೊಟ್ಟು, ಬಗ್ಗಿ, ಬುಡವನ್ನೇ ದಿಟ್ಟಿಸುತ್ತಾ ನಿಂತರು. ಮೂರನೆಯ ದಿನ ಬಾಯಿ ತುಂಬ ಎಲೆಅಡಿಕೆ ತುಂಬಿಕೊಂಡಿದ್ದ ಕೆಂಚಯ್ಯನ ಬೆನ್ನ ಹಿಂದಿನಿಂದಲೇ ಹಾದುಹೋದರು. ಆತ ಗಾಬರಿಯಾಗಿ ರಸವನ್ನೆಲ್ಲ ನುಂಗಿಬಿಟ್ಟ. ಹೀಗೆ ಒಂದು ವಾರ ನಡೆಯಿತು. ರೇಣುಕಪ್ರಸಾದರಿಗೆ ಮೈ ಹಗುರವಾಗಿ, ಜೀವನದಲ್ಲಿ ಕೊನೆಗೂ ಸರಿಯಾದ ದಾರಿ ಹಿಡಿದೆ ಎಂಬ ನೆಮ್ಮದಿ ಬಂತು.

ಎಂಟನೆಯ ದಿನ ಕುಯ್ಲಿಗೆ ಒಬ್ಬರೂ ಬರಲಿಲ್ಲ. ಕೆಂಚಯ್ಯ ಒಬ್ಬನೇ ಅಂಗಳಕ್ಕೆ ಬಂದು, ಟೋಪಿ ತೆಗೆದು ನಿಂತ.

"ನಾವು ಹೊರಡ್ತೀವಿ ಸಾವ್ಕಾರ್ರೇ. ಜಾವಳಿ ಕಡೆ ಒಂದು ತೋಟಕ್ಕೆ ಕರೀತಿದ್ದಾರೆ."

"ಎಂತ ಆಯ್ತು ಮಾರಾಯ? ಹಣ್ಣೆಲ್ಲ ಗಿಡದಲ್ಲೇ ಇದೆ."

"ನಿಮ್ಮ ತಂದೆಯವ್ರು ಸಹ ಹೀಗೆ ಕದ್ದು ಬಂದು ನೋಡಿದ್ದಿಲ್ಲ. ನಮ್ಮ ಹೆಂಗಸ್ರು ಎರಡು ನಿಮಿಷ ಕೂತ್ರೆ ನೀವು ಟೈಮ್ ನೋಡ್ತೀರಿ. ಕುಯ್ದ ಗಿಡಕ್ಕೆ ಬಗ್ಗಿ, ಹಣ್ಣು ಉದುರ್ಸಿದ್ದಾರಾ ಅಂತ ಹುಡುಕ್ತೀರಿ. ನಂಬಿಕೆ ಹೋದ್ಮೇಲೆ ಇರೋದು ಎಂತಕ್ಕೆ ಹೇಳಿ."

"ಛೆ, ಅದು ತಪಾಸಣೆ ಅಲ್ಲ ಕೆಂಚಯ್ಯ. ಅದು... ಸ್ಪರ್ಧೆಗೆ ತರಬೇತಿ."

"ಸ್ಪರ್ಧೆ ಅಂದ್ರೆ ಎತ್ತೋದಲ್ವಾ? ನೀವು ನಡೀತಿದ್ದೀರಲ್ಲ."

ಕೆಂಚಯ್ಯ ಸಂಜೆವರೆಗೆ ಇರುತ್ತೇವೆ, ಸಾಮಾನು ಕಟ್ಟಬೇಕು ಎಂದು ಹೇಳಿ ಆಳುಗಳು ವಾಸಿಸುವ ಲೈನ್ ಮನೆಗಳ ಕಡೆ ನಡೆದ. ರೇಣುಕಪ್ರಸಾದರು ಒಳಗೆ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತರು. ಅಂಗಳದ ಮಾತೆಲ್ಲ ಕೇಳಿಸಿಕೊಂಡಿದ್ದ ಹೆಂಡತಿ ರೂಪಶ್ರೀ ಹುರುಳಿ ಆರಿಸುತ್ತಿದ್ದಳು.

"ಹೋಗಿ ನಿಜ ಹೇಳ್ರೀ," ಎಂದಳು, ತಲೆ ಎತ್ತದೆ.

"ಯಾವ ನಿಜ?"

"ಭಾರ ಎತ್ತೋದು ಬಿಟ್ಟಿದ್ದೀನಿ, ಹೊಟ್ಟೆ ಕರಗ್ಸಕ್ಕೆ ನಡೀತಿದ್ದೀನಿ ಅಂತ."

ರೇಣುಕಪ್ರಸಾದರು ಬಾಗಿಲ ಚೌಕಟ್ಟು ಹಿಡಿದುಕೊಂಡರು. "ನಿಂಗೆ ಯಾರು ಹೇಳಿದ್ದು?"

"ಮೊದ್ಲೆಲ್ಲ ಗೋಡೌನಿಂದ ಕಬ್ಬಿಣದ ಸದ್ದಿನ ಜೊತೆಗೆ ನಿಮ್ಮ ನರಳಾಟ ಕೇಳ್ತಿತ್ತು. ಎರಡು ತಿಂಗಳಿಂದ ಬರೀ ಕಬ್ಬಿಣದ್ದು. ಅದೂ ದಿನಾ ಒಂಬತ್ತೇ ಸಲ."

"ಒಂಬತ್ತಲ್ಲ, ಒಂದಿನ ಎಂಟಾಗಿತ್ತು," ಎಂದು ಒಳಕೋಣೆಯಿಂದ ನಂಜಮ್ಮನವರ ದನಿ ಬಂತು.

"ಗೊತ್ತಿದ್ದೂ ಸುಮ್ಮನಿದ್ರಾ ಇಬ್ರೂ?"

"ಪೇಪರಾದ್ರೂ ಓದ್ತಿದ್ದೀರಲ್ಲ ಅಂತ ಸುಮ್ಮನಿದ್ವಿ. ಈಗ ಹೇಳಿ, ಕುಯ್ಲು ಮುಖ್ಯವೋ ಶಪಥ ಮುಖ್ಯವೋ?"

ರೇಣುಕಪ್ರಸಾದರಿಗೆ ಎರಡೂ ಮುಖ್ಯವಾಗಿದ್ದವು. ಲೈನ್ ಮನೆಯಲ್ಲಿ ಹೇಳಿದ ಮಾತು ಭಾನುವಾರದ ಸಂತೆಗೆ ಮುಂಚೆ ಬಣಕಲ್ ಮುಟ್ಟುತ್ತದೆ, ಅಲ್ಲಿಂದ ಮೂಡಿಗೆರೆಗೆ ಬಸ್ಸಿದೆ. ಆದರೆ ಹಣ್ಣು ಗಿಡದಲ್ಲೇ ಕಪ್ಪಾಗುತ್ತಿತ್ತು. ನಡುಹಗಲು ಕುಯ್ಲಿನ ಆಳುಗಳೆಲ್ಲ ಗಂಟುಮೂಟೆ ಕಟ್ಟುತ್ತಿದ್ದಾಗ ಅವರು ಹೋಗಿ ನಡುವೆ ನಿಂತರು. ಗಂಟಲು ಸರಿಮಾಡಿಕೊಂಡು, ನೂರೈವತ್ತು ನನ್ನ ಕೈಲಾಗಲ್ಲ, ಆಗುತ್ತಿದ್ದರೂ ಈಗ ಮನಸ್ಸಿಲ್ಲ, ಎತ್ತುವುದು ಬಿಟ್ಟು ಎರಡು ತಿಂಗಳಾಯಿತು, ಈಗ ಸುಮ್ಮನೆ ನಡೆಯುತ್ತಿದ್ದೇನೆ, ಗಡಿಯಾರ ನೋಡುವುದು ಹೆಜ್ಜೆ ಎಣಿಸುವುದಕ್ಕೆ, ಬಗ್ಗುವುದು ಏದುಸಿರಿಗೆ ಎಂದು ಎಲ್ಲವನ್ನೂ ಒಪ್ಪಿಸಿಬಿಟ್ಟರು. ಹೇಳಿ ಮುಗಿಸಿದಾಗ ಅವರ ಕಣ್ಣಂಚು ಸ್ವಲ್ಪ ಒದ್ದೆಯಾಗಿತ್ತು. ಇಷ್ಟು ದೊಡ್ಡ ತ್ಯಾಗಕ್ಕೆ ಜನ ಕರಗುತ್ತಾರೆಂದು ಅವರಿಗೆ ಪೂರ್ತಿ ನಂಬಿಕೆಯಿತ್ತು.

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಎಲ್ಲಿಗೂ ಹೋಗಕ್ಕಿಲ್ದೆ ನಡೀತೀರಾ?" ಎಂದಳೊಬ್ಬಳು.

"ಹೌದಮ್ಮ."

"ಎಂತದೂ ತರಕ್ಕಿಲ್ಲ, ಕೊಡಕ್ಕಿಲ್ಲ?"

"ಇಲ್ಲ."

"ಸುಳ್ಳು," ಎಂದಳು ಅವಳು ಕೆಂಚಯ್ಯನ ಕಡೆ ತಿರುಗಿ. ಬೆಳಗಿಂದ ಸಂಜೆವರೆಗೆ ಇಳಿಜಾರಿನಲ್ಲಿ ಹತ್ತಿ ಇಳಿಯುವವರಿಗೆ ಆ ಕಥೆ ಎಷ್ಟು ಹೇಳಿದರೂ ಗಂಟಲಲ್ಲಿ ಇಳಿಯಲಿಲ್ಲ. ಭಾರ ಎತ್ತುವುದು ಬಿಟ್ಟಿದ್ದನ್ನು ತಕ್ಷಣ ನಂಬಿದರು, ಅದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಸುಮ್ಮನೆ ನಡೆಯುವುದನ್ನು ಮಾತ್ರ ನಂಬಲಿಲ್ಲ.

ಕೊನೆಗೆ ಕೆಂಚಯ್ಯನೇ ದಾರಿ ಹುಡುಕಿದ. "ಒಂದು ಕೆಲ್ಸ ಮಾಡಿ ಸಾವ್ಕಾರ್ರೇ. ಕೈ ಬೀಸ್ಕೊಂಡು ಬರೋರನ್ನ ಕಂಡ್ರೆ ಜನಕ್ಕೆ ಅನುಮಾನ. ಹೊತ್ಕೊಂಡು ಹೋಗೋರನ್ನ ಯಾರೂ ಎಂತದೂ ಅನ್ನಲ್ಲ. ಹೆಂಗೂ ನಡೀತೀರಲ್ಲ, ಕೆಳಗಿನ ಪಟ್ಟೆಯಿಂದ ಹಣ್ಣಿನ ಮೂಟೆ ಕಣಕ್ಕೆ ಮುಟ್ಸಿ. ಹೆಜ್ಜೆನೂ ಆಗ್ತದೆ, ನಮಗೂ ನಂಬಿಕೆ ಬರ್ತದೆ."

ಒಪ್ಪದೆ ಬೇರೆ ಗತಿಯಿರಲಿಲ್ಲ. ಗಂಟುಗಳು ಬಿಚ್ಚಿಕೊಂಡವು, ಮರುದಿನ ಕುಯ್ಲು ಮೊದಲಿನಂತೆ ಶುರುವಾಯಿತು. ತೋಟದ ತಗ್ಗಿನಲ್ಲಿದ್ದ ಆ ಪಟ್ಟೆಯಿಂದ ಹಣ್ಣು ಒಣಗಿಸುವ ಕಣಕ್ಕೆ ಒಂದು ಸಲಕ್ಕೆ ಎಂಟುನೂರು ಹೆಜ್ಜೆ, ಎಲ್ಲವೂ ಏರು. ರೇಣುಕಪ್ರಸಾದರು ತಲೆಗೆ ಸಿಂಬಿ ಕಟ್ಟಿ ಮೂಟೆ ಹೊತ್ತರು. ಈ ಸಲ ಎತ್ತಿದ್ದನ್ನು ಅಲ್ಲೇ ಇಡುವ ಅನುಕೂಲ ಇರಲಿಲ್ಲ. ನರಳಾಟ ಮನೆಯವರೆಗೆ ಕೇಳುತ್ತಿತ್ತೆಂದು ರೂಪಶ್ರೀ ರಾತ್ರಿ ಬೆನ್ನಿಗೆ ಎಣ್ಣೆ ತಿಕ್ಕುತ್ತಾ ಹೇಳಿದಳು. ಆದರೂ ಅವರು ಸೋಲು ಒಪ್ಪಿಕೊಳ್ಳಲಿಲ್ಲ. ಇದೂ ಹಗುರ ವ್ಯಾಯಾಮವೇ, ಕೊಂಚ ಭಾರ ಜಾಸ್ತಿ ಎಂದು ತಮಗೆ ತಾವೇ ವಾದಿಸಿ ಗೆದ್ದರು. ನಾಲ್ಕನೆಯ ದಿನಕ್ಕೆ ಮೈ ಹೊಂದಿಕೊಂಡು ಹೆಮ್ಮೆಯೂ ಬಂತು. ಬಣಕಲ್ಲಿನವರು ಏನಾದರೂ ಅನ್ನಲಿ, ಸ್ವಂತ ಆಳುಗಳ ಕಣ್ಣಲ್ಲಿ ತಾವು ಎಷ್ಟೋ ಎತ್ತರಕ್ಕೆ ಏರಿದ್ದೇವೆ ಎಂದು ಅವರಿಗೆ ಖಾತ್ರಿಯಾಯಿತು.

ಐದನೆಯ ದಿನ ಮೂಟೆ ಹೊತ್ತು ಅವರು ಏರು ಹತ್ತುತ್ತಿದ್ದಾಗ ಹೆಂಗಸರು ಎಂದಿನಂತೆ ಸಿಲ್ವರ್ ಮರದ ಬುಡದಲ್ಲಿ ಕೂತಿದ್ದರು. ಯಾರೂ ಏಳಲಿಲ್ಲ. ಅವತ್ತೇ ಕಳಸದ ಕಡೆಯಿಂದ ಕೆಲಸಕ್ಕೆ ಸೇರಿದ್ದ ಹೆಂಗಸೊಬ್ಬಳು ಅವರನ್ನೇ ಸ್ವಲ್ಪ ಹೊತ್ತು ನೋಡಿ ಕೆಂಚಯ್ಯನನ್ನು ಕೇಳಿದಳು.

"ಆ ಆಳು ಯಾಕೆ ಮೇಸ್ತ್ರಿ ಅಷ್ಟು ನಿಧಾನ?"

ರೇಣುಕಪ್ರಸಾದರು ಮೂಟೆಯ ಕೆಳಗೇ ಕಿವಿ ನೆಟ್ಟಗೆ ಮಾಡಿದರು. ಇಪ್ಪತ್ತೆರಡು ವರ್ಷದ ಋಣವಿರುವ ಕೆಂಚಯ್ಯ ಈಗ ಎದ್ದು ನಿಂತು, ಅವಳಿಗೆ ತಕ್ಕ ಶಾಸ್ತಿ ಮಾಡಿ, ತಾವು ಯಾರೆಂದು ಹೇಳುತ್ತಾನೆಂದು ಕಾದರು.

ಕೆಂಚಯ್ಯ ಎಲೆಗೆ ಸುಣ್ಣ ಹಚ್ಚಿಕೊಳ್ಳುತ್ತಾ, "ಪಾಪ, ಹೊಸಬ್ರು," ಎಂದ. "ಕಲೀತಾರೆ ಬಿಡು."