ಹಂದಿಗೆ ಹೆಸರು ಕೇಳುವ ಮಾವ

ನಮ್ಮ ಸೋದರಮಾವನಂಥ ಬೇಟೆಗಾರ ಸಿದ್ದಾಪುರ ತಾಲೂಕಿನಲ್ಲಿ ಹಿಂದೆ ಹುಟ್ಟಿರಲಿಲ್ಲ, ಮುಂದೆ ಹುಟ್ಟುವುದೂ ಇಲ್ಲ! ಹದಿನಾಲ್ಕು ವರ್ಷ ಕೋವಿ ಹೊತ್ತು ತಿರುಗಿ ಒಂದು ಇಲಿಯನ್ನೂ ಕೊಲ್ಲದ ಬೇಟೆಗಾರ ಬೇರೆ ಯಾರಿದ್ದಾರೆ, ನೀವೇ ಹೇಳಿ. ಅವನಿಗೆ ಲೈಸನ್ಸು ಕೊಟ್ಟದ್ದು ಮುಂಬಯಿ ಸರಕಾರ. ಆಮೇಲೆ ನಾಡು ಒಂದಾಯಿತು, ನಾವೆಲ್ಲ ಮೈಸೂರು ರಾಜ್ಯದವರಾದೆವು, ಲೈಸನ್ಸಿನ ಮೇಲೆ ಒತ್ತುವ ಕಚೇರಿಯ ಠಸ್ಸೆ ಕೂಡ ಬದಲಾಯಿತು. ಮಾವನ ಕೋವಿಯಿಂದ ಮಾತ್ರ ಒಂದು ಈಡೂ ಹೊರಗೆ ಬರಲಿಲ್ಲ.

ಕೋಲಸಿರ್ಸಿಯಲ್ಲಿ ಅವನಿಗೆ ಭತ್ತದ ಗದ್ದೆ, ಅದರಾಚೆ ಒಂದು ತುಂಡು ಕಬ್ಬು. ಕಬ್ಬೆಂದರೆ ಕಾಡುಹಂದಿಗೆ ಅಕ್ಕರೆ. ಸುತ್ತಲಿನ ನಾಲ್ಕು ಮನೆಗೆ ಇದ್ದದ್ದು ಇದೊಂದೇ ಕೇಪಿನ ಕೋವಿ. ನಳಿಗೆಯ ಬಾಯಿಂದ ಮದ್ದು ಗುಂಡು ಇಳಿಸಿ, ಹಿಂದೆ ಬೆರಳ ತುದಿಯಷ್ಟಿನ ಕೇಪು ಕೂರಿಸಿ, ಕುದುರೆ ಎಳೆದು ಬಿಟ್ಟರೆ ಢಂ ಎನ್ನುವ ಜಾತಿಯದು. ಬಿಟ್ಟರೆ ತಾನೆ! ಅದಕ್ಕೆ ಮೊದಲು ಮಾವನ ವಿಚಾರಣೆ ಮುಗಿಯಬೇಕಿತ್ತು.

ಕಬ್ಬಿನಲ್ಲಿ ಸರಸರ ಎಂದ ಕೂಡಲೇ ಅವನು ಗಂಟಲು ಸರಿಮಾಡಿಕೊಂಡು ಕೇಳುತ್ತಿದ್ದ:

"ಯಾರಾ ಅದು? ಮನುಷ್ಯ ಆದ್ರೆ ಮಾತಾಡು."

ಹೀಗೆ ಮೂರು ಸಲ. ಮೂರನೆಯ ಸಲದವರೆಗೆ ಕಾದು ನಿಲ್ಲಲು ಹಂದಿಗೇನು ಕೋರ್ಟಿನ ಸಮನ್ಸು ಬಂದಿದೆಯೇ? ಪಕ್ಕದ ಗದ್ದೆಯ ಗೌಡ ಒಮ್ಮೆ ತಡೆಯಲಾರದೆ ಕೇಳಿಯೇ ಬಿಟ್ಟ.

"ಹೆಗಡೇರೆ, ಹೆಸರು ಊರು ಕೇಳಿ ಹಂದಿ ಸಂಗ್ತಿಗೆ ಸಂಬಂಧ ಮಾಡ್ತ್ರಾ?"

"ಹೊಡೆದ ಮೇಲೆ ಕೇಳಿದ್ರೆ ಉತ್ತರ ಬರೂದಿಲ್ಲ ಗೌಡ," ಎಂದ ಮಾವ.

ನಾನೂ ಬಿಡಲಿಲ್ಲ. "ಮೂರು ಸಲ ಕೇಳಿದ್ರೂ ಮಾತಾಡದ್ದು ಹಂದಿಯೇ ಅಲ್ದ ಮಾವಾ?" ಎಂದೆ.

"ಕಿವುಡನೂ ಆಗಿಕ್ಕು. ತಲೆ ಕಂಡ್ರೆ ಸಾಲ್ದು, ಮೈ ಕಾಣ್ಲಿ. ಮೈ ಕಂಡ್ರೂ ಸಾಲ್ದು, ಅದರ ಹಿಂದೆ ಎಂತ ಇದ್ದು ಹೇಳಿ ಗೊತ್ತಾಗ್ಲಿ."

ಇಷ್ಟೆಲ್ಲ ಗೊತ್ತಾಗುವ ಹೊತ್ತಿಗೆ ಹಂದಿ ಊಟ ಮುಗಿಸಿ ಸೀಮೆ ದಾಟಿರುತ್ತಿತ್ತು.

ಮನೆಗೆ ಬಂದರೆ ಕೋವಿ ಅಟ್ಟಕ್ಕೆ, ಮದ್ದು ಪೆಟ್ಟಿಗೆಗೆ, ಕೇಪು ಅತ್ತೆಯ ವಶಕ್ಕೆ. ಮೂರೂ ಒಂದೇ ಕಡೆ ಇರಬಾರದು ಎಂಬುದು ಅವನ ಶಾಸ್ತ್ರ. ಅತ್ತೆ ಆ ಕೇಪುಗಳನ್ನು ಸಾಸಿವೆ ಡಬ್ಬಿಯ ಪಕ್ಕದಲ್ಲಿಟ್ಟು, "ಒಂದಿನ ಒಗ್ಗರಣೆಗೆ ಹಾಕ್ತೆ ನೋಡಿ," ಎಂದು ಹೆದರಿಸುತ್ತಿದ್ದಳು. ಮಾವ ಅಂದಿನಿಂದ ಒಗ್ಗರಣೆಯ ಸದ್ದಿಗೂ ಒಂದು ಹೆಜ್ಜೆ ಹಿಂದೆ ಸರಿಯತೊಡಗಿದ!

ಈ ಶಾಸ್ತ್ರ ಕೋವಿಗಷ್ಟೇ ಎಂದುಕೊಳ್ಳಬೇಡಿ. ಬಿಳಗಿಯ ಒಂದು ಮದುವೆಯಲ್ಲಿ ಗಂಡಿನ ಕಡೆಯ ಹಿರಿಯರೊಬ್ಬರು ಕೊಡೆಯನ್ನು ಕಂಕುಳಲ್ಲಿ ಅಡ್ಡ ಹಿಡಿದು ಮಾತಾಡುತ್ತ ನಿಂತಿದ್ದರು. ಅದರ ತುದಿ ನೇರ ಮಾವನ ಹೊಟ್ಟೆಗೆ.

"ಮೊದ್ಲು ಅದರ ಮೂತಿ ನೆಲಕ್ಕೆ ಮಾಡಿ," ಎಂದ ಮಾವ.

"ಇದು ಕೊಡೆ ಮಾರಾಯ್ರೆ."

"ಕೋವಿ ಖಾಲಿ ಇದ್ದು ಹೇಳಿದ್ದೇ ಜನರನ್ನ ಕೊಂದಿದ್ದು."

ಅವರು ಗಡಬಡಿಸಿ ಇಳಿಸುವಾಗ ಕೊಡೆ ಢಪ್ಪನೆ ತೆರೆದುಕೊಂಡು ಪಾನಕದ ಕೊಳದಪ್ಪಲೆ ಉರುಳಿತು. ಮಾವ ಚಪ್ಪರಕ್ಕೆಲ್ಲ ಕೇಳುವಂತೆ, "ಕಂಡ್ರಾ?" ಎಂದ.

ಆದರೆ ಕಬ್ಬಿನ ನಷ್ಟ ನಗೆಗೆ ಕರಗುವುದಿಲ್ಲವಲ್ಲ. ನಾಲ್ಕು ಮನೆಯವರು ಒಟ್ಟಾಗಿ ಬಂದು, ಕೈಲಾಗದಿದ್ದರೆ ಕೋವಿ ಬಿಟ್ಟುಕೊಡಿ, ಬೇರೆಯವರು ಲೈಸನ್ಸು ಮಾಡಿಸುತ್ತಾರೆ ಎಂದರು. ಮಾವನ ಮುಖ ಕೆಂಪಾಯಿತು. "ಯನ್ನ ಕೋವಿ ಇಷ್ಟು ವರ್ಷದಲ್ಲಿ ಒಂದು ಸಲನೂ ತಪ್ಪಿ ಸಿಡಿದಿದ್ದಿಲ್ಲೆ. ಹಾಂಗೆ ಹೇಳಲೆ ತಾಲೂಕಲ್ಲಿ ಇನ್ನೊಬ್ಬ ಇದ್ರೆ ಕರಕಂಡು ಬನ್ನಿ, ಕೊಡ್ತೆ," ಎಂದ. ಯಾರೂ ಬರಲಿಲ್ಲ. ಅವನಿಗಿದ್ದ ಹೆಮ್ಮೆ ಅದೊಂದೇ, ಅದನ್ನು ಅವನು ಕೋಟಿನಂತೆ ತೊಟ್ಟು ತಿರುಗುತ್ತಿದ್ದ.

ಅದೇ ವರ್ಷ ಶ್ರಾವಣದಲ್ಲಿ ನನಗೆ ಯಲ್ಲಾಪುರದ ಕಡೆ ಮಾಸ್ತರಿಕೆ ಸಿಕ್ಕಿತು. ಹೋಗುವ ಮುನ್ನಾದಿನ ಮಾವನ ಮನೆಗೆ ಬಂದಿದ್ದೆ. ಮಧ್ಯಾಹ್ನ ಜಿನುಗು ಮಳೆಯಲ್ಲಿ ಇಬ್ಬರೂ ಕಬ್ಬಿನ ಕಡೆ ಹೋದೆವು. ಬೇಲಿಯ ಗೂಟವೊಂದು ಬಿದ್ದಿತ್ತು. ಮಾವ ಕೋವಿಯ ಕೇಪು ತೆಗೆದು ನನ್ನ ಅಂಗೈಯಲ್ಲಿಟ್ಟು, ಕೋವಿಯನ್ನು ಮೂತಿ ಮೇಲಾಗಿ ಕೈಗೆ ಕೊಟ್ಟು, ಗೂಟ ನೆಡಲು ಬಗ್ಗಿದ.

ಇಪ್ಪತ್ತು ಮಾರು ದೂರದಲ್ಲಿ ಕಬ್ಬು ಅಲುಗಿತು. ಸಂದಿಯಲ್ಲಿ ಕಪ್ಪಗೆ ಒಂದು ಗೂನುಬೆನ್ನು! ನನ್ನ ಎದೆ ಕುಣಿಯಿತು. ಇದೊಂದನ್ನು ಬೀಳಿಸಿದರೆ ಊರಿಗೆ ಊರೇ ನನ್ನ ಹೆಸರು ಹೇಳುತ್ತದೆ! ಕೇಳುವುದು, ಕಾಯುವುದು ಎಲ್ಲ ಮುದುಕರ ಕೆಲಸ ಎಂದುಕೊಂಡು ಕೇಪು ಕೂರಿಸಿ, ಕುದುರೆ ಎಳೆದು ಗುರಿಯಿಟ್ಟೆ.

ಮಾವ ಕೂಗಲಿಲ್ಲ. ಹಾರಿ ಬಂದು ನಳಿಗೆಯನ್ನು ಮೇಲಕ್ಕೆ ಹೊಡೆದ. ಈಡು ಆಕಾಶಕ್ಕೆ ಹೋಯಿತು. ಕಬ್ಬಿನೊಳಗಿನ ಕಪ್ಪು ಬೆನ್ನು ಎದ್ದು ನಿಂತು, ಕಂಬಳಿಕೊಪ್ಪೆಯನ್ನು ತಲೆಯಿಂದ ಹಿಂದಕ್ಕೆ ಸರಿಸಿತು. ಕೈಯಲ್ಲಿ ಕತ್ತಿ, ಕಂಕುಳಲ್ಲಿ ಕರುವಿಗೆ ಕೊಯ್ದ ಹುಲ್ಲು. ಅತ್ತೆ! ದಪ್ಪ ಕಂಬಳಿ ಕಿವಿ ಮುಚ್ಚಿದ್ದರಿಂದ ನಾವು ಬಂದದ್ದೇ ಅವಳಿಗೆ ಕೇಳಿರಲಿಲ್ಲ.

"ಎಂತಾತು? ಹಂದಿ ಬೈಂದಾ?" ಎಂದಳು.

ಅಷ್ಟರಲ್ಲಿ ಕೋವಿ ಮಾವನ ಕೈಯಲ್ಲಿತ್ತು.

"ಇಲ್ಯೇ. ಯನ್ನ ಕೈ ಜಾರಿ ಹೋತು," ಎಂದ.

ಸದ್ದು ಕೇಳಿ ಓಡಿಬಂದವರಿಗೂ ಅವನು ಅದನ್ನೇ ಹೇಳಿದ. ಬೇರೆಯವರ ಲೈಸನ್ಸಿನ ಕೋವಿ ಸಿಡಿಸಿದ ಎಂದು ಬಾಯಿಂದ ಬಾಯಿಗೆ ಹೋಗಿದ್ದರೆ ನನ್ನ ಮಾಸ್ತರಿಕೆ ಅಲ್ಲಿಗೇ ಮುಗಿಯುತ್ತಿತ್ತು. ಸಂಜೆಯೊಳಗೆ ಊರೆಲ್ಲ ಸುದ್ದಿ: ಹೆಗಡೇರು ಕೊನೆಗೂ ಒಂದು ಈಡು ಹೊಡೆದರಂತೆ, ಮೋಡಕ್ಕೆ! ಗೌಡ ನಕ್ಕ, ನಾಲ್ಕು ಮನೆಯವರು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ಅತ್ತೆ, ಊಟಕ್ಕೆ ಬಡಿಸುವಾಗ ಸೆರಗು ಬಾಯಿಗೆ ಹಿಡಿದರೂ ನಗು ನಿಲ್ಲಲಿಲ್ಲ. ಮಾವ ತಲೆ ತಗ್ಗಿಸಿ ಅನ್ನ ಕಲಸುತ್ತಿದ್ದ.

ಮರುದಿನ ಬೆಳಿಗ್ಗೆ ಸಿದ್ದಾಪುರಕ್ಕೆ ನನ್ನ ಜೊತೆಯೇ ಹೊರಟ. ಹೆಗಲಲ್ಲಿ ಕೋವಿ, ಜೇಬಿನಲ್ಲಿ ಲೈಸನ್ಸು, ಎರಡನ್ನೂ ಕಚೇರಿಗೆ ಒಪ್ಪಿಸಲು. ಮೋಟಾರು ಬರುವ ಹೊತ್ತಿಗೆ ನನಗೆ ಅಳು ಬಂತು.

"ಆನು ಎಲ್ಲರ ಹತ್ರ ಖರೇ ಹೇಳ್ತೆ ಮಾವಾ. ಎಲ್ಲರೂ ನಿನ್ನ ನೋಡಿ ನಗಾಡದೇ ಆತು."

ಮಾವ ನನ್ನ ಟ್ರಂಕನ್ನು ಮೋಟಾರಿನ ಮೇಲಕ್ಕೆ ಎತ್ತಿ ಕೊಟ್ಟು, ಕೈ ಒರೆಸಿಕೊಂಡ.

"ನಗಾಡ್ಲಿ ಬಿಡು ತಮಾ. ನಗಾಡಲೆ ನಿನ್ನ ಅತ್ತೆಯೂ ಇದ್ದಲ್ಲಾ."